ಚಿತ್ರ ತಡವರಿಸಿದ್ದು ಎಲ್ಲಿ?

ಮಕ್ಕಳು ಕಂಪ್ಯೂಟರ್ ಆಟ ಆಡುತ್ತಾರೆಂದರೆ ತಂದೆತಾಯಿಗಳಿಗೆ ಅಸಮಾಧಾನ. ಆಡುವುದಷ್ಟೇ ಅಲ್ಲ, ಆಡುವುದನ್ನು ಊರಿಗೆಲ್ಲ ನೇರ ಪ್ರಸಾರ ಬೇರೆ ಮಾಡುತ್ತಾರೆಂದರೆ ಇನ್ನಷ್ಟು ಅಸಮಾಧಾನ. ಒಬ್ಬ ಆಡುವುದನ್ನು ಇನ್ನೊಬ್ಬ ಕೂತು ನೋಡುವುದರಲ್ಲಿ ಏನಿದೆ ಎಂದು ಕೇಳುವ ಹಿರಿಯರೇ ಭಾನುವಾರವಿಡೀ ಕ್ರಿಕೆಟ್ ನೋಡುತ್ತ ಕೂತಿರುತ್ತಾರೆ ಎಂಬ ಮಾತು ಹಾಗಿರಲಿ. ಆ ಚರ್ಚೆ ಇಲ್ಲಿ ಬೇಡ. ಆದರೆ ಈ ಪ್ರಸಾರದ ಹಿಂದಿರುವ ಲೆಕ್ಕ ಮತ್ತು ವಿಜ್ಞಾನ ಕಡೆಗಣಿಸುವಂಥದಲ್ಲ. ಹಾಸನದ ಒಂದು ಮನೆಯಲ್ಲಿ ಅದು ಅರವತ್ತು ಸಾವಿರ ರೂಪಾಯಿಯ ಪ್ರಶ್ನೆಯಾಗಿತ್ತು.

ಆ ಮನೆಯ ಹುಡುಗ ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್; ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಹುಡುಗ ಆಡುತ್ತಿದ್ದುದು ಬಂದೂಕು ಹಿಡಿದು ಓಡಾಡುವ ಆಟವಲ್ಲ, ಮೈನ್‌ಕ್ರಾಫ್ಟ್. ಅದರಲ್ಲಿ ಮಣ್ಣು, ಕಲ್ಲು, ಮರ ಎಲ್ಲವೂ ಒಂದೇ ಅಳತೆಯ ಘನಗಳು. ಅವನ್ನು ಕಿತ್ತು, ಜೋಡಿಸಿ ಬೇಕಾದುದನ್ನು ಕಟ್ಟಬಹುದು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಈ ಆಟವನ್ನು ತಯಾರಿಸಿದ ಸ್ವೀಡನ್ನಿನ ಕಂಪೆನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಹುಡುಗ ಅದರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟುತ್ತಿದ್ದ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ದೇವಾಲಯದ ಜಗತಿ ನಕ್ಷತ್ರಾಕಾರದ್ದು. ಚೌಕದ ಘನಗಳಿಂದ ನಕ್ಷತ್ರದ ಮೂಲೆಗಳನ್ನು ಮೂಡಿಸುವುದು ಹುಡುಗಾಟವಲ್ಲ. ಒಂದೊಂದು ಮೂಲೆಗೂ ರೇಖಾಗಣಿತ ಬೇಕು. ಭಾನುವಾರ ಸಂಜೆ ಒಂದು ಗಂಟೆ ಅವನು ಕಟ್ಟುತ್ತಲೇ ಕನ್ನಡದಲ್ಲಿ ವಿವರಣೆ ಕೊಡುತ್ತ ನೇರ ಪ್ರಸಾರ ಮಾಡುತ್ತಿದ್ದ. ಸಹಪಾಠಿಗಳು, ನೆಂಟರ ಮಕ್ಕಳು, ಒಂದಿಷ್ಟು ಅಪರಿಚಿತರು ಸೇರಿ ಮೂವತ್ತು ನಲವತ್ತು ಮಂದಿ ನೋಡುತ್ತಿದ್ದರು.

ದೇವಾಲಯ ಬೆಳೆದಂತೆ ಪ್ರಸಾರ ಹದಗೆಟ್ಟಿತು. ಅವನು ಒಂದೆಡೆ ನಿಂತು ಕಲ್ಲು ಜೋಡಿಸುವಾಗ ಚಿತ್ರ ಸರಿಯಾಗಿರುತ್ತಿತ್ತು. ಮೇಲೆ ಹಾರಿ ಪ್ರದಕ್ಷಿಣೆ ಹಾಕುವಾಗ ಚಿತ್ರ ತಡವರಿಸಿ, ನಿಂತು, ಒಮ್ಮೆಲೇ ಜಿಗಿಯುತ್ತಿತ್ತು. ನೋಡುವವರ ಸಂಖ್ಯೆ ನಲವತ್ತರಿಂದ ಹನ್ನೆರಡಕ್ಕೆ ಇಳಿಯಿತು. ಅಂತರಜಾಲದಲ್ಲಿ ಸಿಕ್ಕ ಸಲಹೆಗಳನ್ನೆಲ್ಲ ಅವನು ಒಂದೇ ರಾತ್ರಿ ಜಾರಿಗೆ ತಂದ. ಪರಿಸ್ಥಿತಿ ಇನ್ನೂ ಕೆಟ್ಟಿತು. ಯಾವುದರಿಂದ ಕೆಟ್ಟಿತೆಂದು ಅವನಿಗೇ ತಿಳಿಯದಾಯಿತು. ಕೊನೆಗೆ, ಲ್ಯಾಪ್‌ಟಾಪ್ ಹಳೆಯದಾಯಿತು, ಹೊಸದು ಬೇಕು ಎಂದ. ಬೆಲೆ ಅರವತ್ತು ಸಾವಿರ.

ತಾಯಿ ಖಡಾಖಂಡಿತವಾಗಿ ಬೇಡವೆಂದರು. ಪರೀಕ್ಷೆಯ ವರ್ಷ, ಮುಂದೆ ಸಿ.ಇ.ಟಿ., ಕಾಲೇಜಿನ ಫೀಜು. ತಂದೆ ಮಾತ್ರ ಬೇಡವೆನ್ನಲಿಲ್ಲ.

"ಎಲ್ಲಿ ಹಿಡ್ಕೊಂಡಿದೆ ಅಂತ ಗೊತ್ತೇನೋ?" ಎಂದು ಕೇಳಿದರು.

"ಗೊತ್ತಿಲ್ಲಪ್ಪ. ಎಲ್ಲಾ ಸ್ಲೋ ಆಗ್ಬಿಟ್ಟಿದೆ."

"ಬಸ್ಸು ಎಳೀತಿಲ್ಲ ಅಂತ ಡ್ರೈವರ್ ಬರೆದ್ಕೊಟ್ರೆ ನಾವು ಇಂಜಿನ್ನೇ ಬದಲಾಯಿಸ್ತೀವೇನೋ? ಡೀಸೆಲ್ ಫಿಲ್ಟರ್ ನೋಡ್ತೀವಿ, ಏರ್ ಫಿಲ್ಟರ್ ನೋಡ್ತೀವಿ, ಬ್ರೇಕ್ ಹಿಡ್ಕೊಂಡಿದೆಯಾ ನೋಡ್ತೀವಿ. ಎಲ್ಲಿ ಅಂತ ತೋರ್ಸು. ಆಮೇಲೆ ದುಡ್ಡಿನ ಮಾತು."

ಹುಡುಗನಿಗೆ ಸಿಟ್ಟು ಬಂತು. ಆದರೂ ನೋಟ್‌ಬುಕ್ ತೆಗೆದ.

ಚಲಿಸುವ ಚಿತ್ರವೆಂದರೆ ಸ್ಥಿರಚಿತ್ರಗಳ ಸಾಲು ಎಂಬುದು ಎಲ್ಲರಿಗೂ ಗೊತ್ತು. ಒಂದೊಂದು ಸ್ಥಿರಚಿತ್ರವೂ ಒಂದು ಫ್ರೇಮ್. ಸಿನಿಮಾಕ್ಕೆ ಮಾತು ಬಂದ ಕಾಲದಿಂದ ಸೆಕೆಂಡಿಗೆ 24 ಫ್ರೇಮ್ ಎಂಬುದು ರೂಢಿಯಾಯಿತು. ದೂರದರ್ಶನದ್ದು 25. ಹಾಗಾದರೆ ಆಟಕ್ಕೆ 60 ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಿನಿಮಾ ಕ್ಯಾಮೆರಾದ ಕವಾಟ ಪ್ರತಿ ಫ್ರೇಮಿಗೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ವಸು ಚಲಿಸಿದರೆ ಚಿತ್ರದಲ್ಲಿ ಅದರ ಅಂಚು ಸ್ವಲ್ಪ ಮಸುಕಾಗಿ ಎಳೆದಂತಾಗುತ್ತದೆ. ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಬೆಸೆಯುತ್ತದೆ. ಕಂಪ್ಯೂಟರ್ ಬರೆದ ಫ್ರೇಮಿನಲ್ಲಿ ಸಾಮಾನ್ಯವಾಗಿ ಈ ಮಸುಕು ಇರುವುದಿಲ್ಲ. ಪ್ರತಿಯೊಂದೂ ಚಾಕುವಿನಿಂದ ಕೊರೆದಷ್ಟು ಸ್ಪಷ್ಟ. ಆದ್ದರಿಂದ ನಡುವಿನ ಬಿರುಕು ಕಣ್ಣಿಗೆ ರಾಚುತ್ತದೆ. ಇನ್ನೊಂದು ಮಾತು: ಫ್ರೇಮುಗಳು ಕಡಿಮೆಯಾದರೂ ಸಮನಾದ ಅಂತರದಲ್ಲಿ ಬಂದರೆ ಕಣ್ಣು ಹೊಂದಿಕೊಳ್ಳುತ್ತದೆ. ಸಮನಾಗಿ ಬರುವ 30 ಫ್ರೇಮ್, ಮುಗ್ಗರಿಸುತ್ತ ಬರುವ 60ಕ್ಕಿಂತ ಎಷ್ಟೋ ಮೇಲು.

ಸೆಕೆಂಡಿಗೆ 60 ಎಂದರೆ ಪ್ರತಿ ಫ್ರೇಮಿಗೂ ಸಿಗುವ ಕಾಲಾವಕಾಶ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಏನೇನು ಆಗಬೇಕು? ಮೊದಲು ಆಟವು ದೃಶ್ಯವನ್ನು ಬರೆಯಬೇಕು. ಪ್ರಸಾರದ ತಂತ್ರಾಂಶವು ಆ ದೃಶ್ಯವನ್ನು ಹಿಡಿದು, ಅದರ ಮೇಲೆ ಹುಡುಗನ ಮುಖ, ಶೀರ್ಷಿಕೆ ಎಲ್ಲವನ್ನೂ ಕೂಡಿಸಿ ಒಂದು ಚಿತ್ರ ಮಾಡಬೇಕು. ಇವೆರಡೂ ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಆಮೇಲೆ ಅದನ್ನು ಅಡಕಗೊಳಿಸಬೇಕು. ಇದಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಕೊನೆಗೆ ಅದು ಅಂತರಜಾಲದ ಮೂಲಕ ಹೊರಹೋಗಬೇಕು. ಮದುವೆ ಮನೆಯಲ್ಲಿ ಅಡುಗೆ ಮಾಡುವವರು, ತಟ್ಟೆಗೆ ತುಂಬುವವರು, ಪಂಕ್ತಿಗೆ ಒಯ್ಯುವವರು ಬೇರೆ ಬೇರೆ. ಎಲೆಯ ಮುಂದೆ ಕೂತವನಿಗೆ ಊಟ ತಡವಾಯಿತೆಂದಷ್ಟೇ ತಿಳಿಯುತ್ತದೆ, ಯಾರಿಂದ ಎಂದು ತಿಳಿಯುವುದಿಲ್ಲ.

ಎನ್‌ಕೋಡಿಂಗ್ ಏಕೆ ಬೇಕೆಂಬುದಕ್ಕೆ ಒಂದು ಗುಣಾಕಾರ ಸಾಕು. 1920 ಬಿಂದು ಅಗಲ, 1080 ಬಿಂದು ಎತ್ತರದ ಒಂದು ಫ್ರೇಮಿನಲ್ಲಿ 20,73,600 ಬಿಂದುಗಳು. ಪ್ರತಿ ಬಿಂದುವಿನ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಫ್ರೇಮ್. ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್! ಪ್ರಸಾರಕ್ಕೆ ಕಳಿಸುವುದು ಸಾಮಾನ್ಯವಾಗಿ 60 ಲಕ್ಷ ಬಿಟ್, ಅಂದರೆ 6 ಮೆಗಾಬಿಟ್. ಐನೂರರಲ್ಲಿ ಒಂದು ಪಾಲು. ಉಳಿದುದನ್ನು ಬಿಡುವುದು ಹೇಗೆ? ಸುಮಾರು 2 ಸೆಕೆಂಡಿಗೊಮ್ಮೆ ಮಾತ್ರ ಪೂರ್ತಿ ಚಿತ್ರವನ್ನು ಕಳಿಸಿ, ನಡುವೆ ಏನು ಬದಲಾಯಿತೆಂಬುದನ್ನಷ್ಟೇ ಕಳಿಸುತ್ತಾರೆ. ಗೋಡೆ ಅಲ್ಲೇ ಇದ್ದರೆ ಗೋಡೆಯನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಆದರೆ ಹುಡುಗ ಹಾರತೊಡಗಿದೊಡನೆ ಎಲ್ಲವೂ ಬದಲಾಗುತ್ತದೆ. ಯಾವ ತುಣುಕು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಹಾರುವಾಗ ಮಾತ್ರ ಚಿತ್ರ ಕೆಡುವುದಕ್ಕೆ ಇದೇ ಕಾರಣವೆಂದು ಹುಡುಗ ಕುಣಿದಾಡಿದ. ಆದರೆ ಹಾರುವಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ: ಆಟವು ಹೊಸ ಹೊಸ ನೆಲವನ್ನು ಸೃಷ್ಟಿಸುತ್ತ ಹೋಗಬೇಕು. ಎರಡು ಕಾರಣಗಳು ಒಟ್ಟಿಗೇ ಬರುತ್ತವೆ. ಯಾವುದು ಎಷ್ಟು ಎಂದು ಬೇರ್ಪಡಿಸದೆ ತೀರ್ಮಾನ ಹೇಳುವಂತಿಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೇ ಬದಲಾಯಿಸಿದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕಕ್ಕೆ ಯಾವ ಮೇಷ್ಟ್ರೂ ಸಹಿ ಹಾಕುವುದಿಲ್ಲ. ಅಂತರಜಾಲದ ಸಲಹೆಗಳನ್ನೆಲ್ಲ ಒಂದೇ ರಾತ್ರಿ ಜಾರಿಗೆ ತಂದದ್ದು ಇಂಥದೇ ಪ್ರಯೋಗ.

ಅವನು ಬಳಸುತ್ತಿದ್ದ ತಂತ್ರಾಂಶ ಒ.ಬಿ.ಎಸ್. ಸ್ಟುಡಿಯೋ. ಇದು ಉಚಿತ, ಅದರ ಮೂಲ ಬರಹವನ್ನೂ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಸ್ಟ್ಯಾಟ್ಸ್ ಎಂಬ ಸಣ್ಣ ಕಿಟಕಿಯೊಂದಿದೆ. ಅದನ್ನು ತೆರೆದು ನೋಡುವವರು ಕಡಿಮೆ. ಕಳೆದುಹೋದ ಫ್ರೇಮುಗಳನ್ನು ಅದು ಮೂರು ಬೇರೆ ಬೇರೆ ಲೆಕ್ಕದಲ್ಲಿ ಬರೆದಿಡುತ್ತದೆ. ಚಿತ್ರ ಕೂಡಿಸಲು ಗ್ರಾಫಿಕ್ಸ್ ಚಿಪ್ಪಿಗೆ ಸಮಯ ಸಿಗದೆ ತಪ್ಪಿದವು, ಎನ್‌ಕೋಡಿಂಗ್ ಮುಗಿಯದೆ ಬಿಟ್ಟವು, ಅಂತರಜಾಲದಲ್ಲಿ ಹೊರಹೋಗಲಾಗದೆ ಕೈಬಿಟ್ಟವು. ನೋಡುವವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಔಷಧ ಮಾತ್ರ ಮೂರಕ್ಕೂ ಬೇರೆ.

ಹುಡುಗ ಮೊದಲು ಬದಲಾಯಿಸಿದ್ದನ್ನೆಲ್ಲ ಹಿಂದಿನಂತೆ ಮಾಡಲು ಹೋದ. ಒಂದೆರಡು ನೆನಪಿಗೆ ಬರಲಿಲ್ಲ. ಇರುವ ಸ್ಥಿತಿಯಲ್ಲೇ ಹತ್ತು ನಿಮಿಷದ ಒಂದು ಪರೀಕ್ಷಾ ಪ್ರಸಾರ ಮಾಡಿದ. ಹತ್ತು ನಿಮಿಷಕ್ಕೆ 36,000 ಫ್ರೇಮ್. ಅಂತರಜಾಲದಲ್ಲಿ ಬಿದ್ದುಹೋದದ್ದು 12. ಎನ್‌ಕೋಡಿಂಗ್‌ನಲ್ಲಿ ಬಿಟ್ಟುಹೋದದ್ದು 5,400. ಚಿತ್ರ ಕೂಡಿಸುವಲ್ಲಿ ತಪ್ಪಿದ್ದು 2,900. ಪ್ರಸಾರದ ಜೊತೆಗೇ ಡಿಸ್ಕಿನಲ್ಲಿ ಮುದ್ರಿಸಿಕೊಂಡಿದ್ದ ಪ್ರತಿಯನ್ನು ನೋಡಿದ. ಅದೂ ತಡವರಿಸುತ್ತಿತ್ತು. ಹೊರಗೇ ಹೋಗದ ಪ್ರತಿ ತಡವರಿಸುವಾಗ ಅಂತರಜಾಲವನ್ನು ದೂರುವುದೆಂತು? ಅಷ್ಟುಹೊತ್ತಿಗೆ ಮನೆಯಲ್ಲಿ ಎಲ್ಲರೂ "ನೆಟ್ ಸರಿಯಿಲ್ಲ" ಎಂದು ತೀರ್ಮಾನಿಸಿ, ಇನ್ನೂ ದುಬಾರಿ ಪ್ಲಾನಿಗೆ ಹೋಗುವ ಮಾತು ನಡೆದಿತ್ತು. ಅದು ಅಲ್ಲಿಗೆ ನಿಂತಿತು.

ಎನ್‌ಕೋಡಿಂಗ್ ಮತ್ತು ಹೊಸ ನೆಲ, ಎರಡನ್ನೂ ಬೇರ್ಪಡಿಸಲು ಅವನು ಮಾಡಿದ ಉಪಾಯ ಚೆನ್ನಾಗಿತ್ತು. ಹಾರುವುದನ್ನು ಬಿಟ್ಟು ದೇವಾಲಯದ ಮುಂದೆ ಒಂದೇ ಜಾಗದಲ್ಲಿ ನಿಂತು ಗಿರಗಿರನೆ ತಿರುಗಿದ. ಸುತ್ತಲಿನ ನೆಲ ಆಗಲೇ ಸಿದ್ಧವಾಗಿದೆ, ಹೊಸದೇನೂ ಬರುವುದಿಲ್ಲ. ಆದರೆ ಪರದೆಯ ಮೇಲಿನ ಚಿತ್ರ ಪೂರ್ತಿ ಬದಲಾಗುತ್ತಿರುತ್ತದೆ. ಎನ್‌ಕೋಡಿಂಗ್ ಲೆಕ್ಕ ಸರ್ರನೆ ಏರಿತು. ಅಲ್ಲಿಗೆ ಒಂದು ಕಳ್ಳ ಸಿಕ್ಕಿದಂತಾಯಿತು. ಚಿತ್ರದ ಗುಣಮಟ್ಟ ಹೆಚ್ಚಲೆಂದು ಅವನು ಎನ್‌ಕೋಡಿಂಗ್‌ನ ಮಟ್ಟವನ್ನು 'ವೆರಿಫಾಸ್ಟ್'ನಿಂದ 'ಮೀಡಿಯಂ'ಗೆ ಬದಲಾಯಿಸಿದ್ದ. ನಿಧಾನದ ಮಟ್ಟದಲ್ಲಿ ಕಂಪ್ಯೂಟರಿನ ಮುಖ್ಯ ಚಿಪ್ ಪ್ರತಿ ತುಣುಕನ್ನೂ ಹೆಚ್ಚು ಹೊತ್ತು ಹುಡುಕುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ ನಿಜ, 16.7 ಮಿಲಿಸೆಕೆಂಡಿನಲ್ಲಿ ಮುಗಿದರೆ! ಮುಗಿಯದಿದ್ದರೆ ಆ ಫ್ರೇಮೇ ಇಲ್ಲ. ಹಳೆಯ ಮಟ್ಟಕ್ಕೆ ಬಂದೊಡನೆ 5,400 ಇದ್ದದ್ದು 300ಕ್ಕೆ ಇಳಿಯಿತು.

ಅವನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇತ್ತು. ಆ ಕಂಪೆನಿ 2012ರಿಂದೀಚೆಗೆ ಇಂಥ ಹೆಚ್ಚಿನ ಚಿಪ್ಪುಗಳ ಒಂದು ಮೂಲೆಯಲ್ಲಿ ಎನ್‌ಕೋಡಿಂಗ್‌ಗೆಂದೇ ಪ್ರತ್ಯೇಕ ಮಂಡಲವೊಂದನ್ನು ಇಟ್ಟಿದೆ. ಇಂಟೆಲ್ ತನ್ನ ಚಿಪ್ಪುಗಳಲ್ಲಿ 2011ರಲ್ಲೇ ಅಂಥದನ್ನು ತಂದಿತ್ತು. ಮುಖ್ಯ ಚಿಪ್ಪಿಗೆ ಹೊರೆಯಾಗದೆ ಕೆಲಸ ಅಲ್ಲೇ ನಡೆಯುತ್ತದೆ. ಹುಡುಗ ಎರಡನೆಯ ಹೆಜ್ಜೆಯಾಗಿ ಆ ಮಂಡಲಕ್ಕೆ ಕೆಲಸ ವಹಿಸಿದ. ಲೆಕ್ಕ ಸೊನ್ನೆಗೆ ಬಂತು. ದುಡ್ಡು ಕೊಟ್ಟು ತಂದ ಪೆಟ್ಟಿಗೆಯಲ್ಲೇ ಇದ್ದ ಸಾಮಾನು ಇಷ್ಟು ದಿನ ಸುಮ್ಮನೆ ಕೂತಿತ್ತು.

ಉಳಿದದ್ದು ಚಿತ್ರ ಕೂಡಿಸುವಲ್ಲಿ ತಪ್ಪುತ್ತಿದ್ದ 2,900. ಇಡೀ ಪ್ರಕರಣದ ಸ್ವಾರಸ್ಯ ಇಲ್ಲಿದೆ. ಆಟದ ಮೂಲೆಯಲ್ಲಿ ಕಾಣುವ ಅಂಕಿ ಸೆಕೆಂಡಿಗೆ 80ರಿಂದ 90 ಫ್ರೇಮ್ ಎಂದು ತೋರಿಸುತ್ತಿತ್ತು. ಅಂಕಿ ಜಾಸ್ತಿಯಾದಷ್ಟೂ ಒಳ್ಳೆಯದೆಂದು ನಂಬಿ ಹುಡುಗ ಮಿತಿಯನ್ನೇ ತೆಗೆದುಹಾಕಿದ್ದ. ಪ್ರಸಾರವಾಗುವುದು ಮಾತ್ರ 60. ಉಳಿದ ಇಪ್ಪತ್ತು ಮೂವತ್ತು ಫ್ರೇಮುಗಳು ನೋಡುಗರಿಗೆ ತಲುಪುವ ಪ್ರಶ್ನೆಯೇ ಇಲ್ಲ. ಆದರೂ ಅವನ್ನು ಬರೆಯಲು ಗ್ರಾಫಿಕ್ಸ್ ಚಿಪ್ ಶೇಕಡ 99ರಷ್ಟು ದುಡಿಯುತ್ತಿತ್ತು. ಪ್ರಸಾರದ ತಂತ್ರಾಂಶ ತನ್ನ ಚಿತ್ರ ಕೂಡಿಸಲು ಅದೇ ಚಿಪ್ಪಿನ ಬಾಗಿಲಲ್ಲಿ ನಿಂತು ಸರದಿ ಕಾಯುತ್ತಿತ್ತು. ಸರದಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಹುಡುಗ ಆಟಕ್ಕೆ 60ರ ಮಿತಿ ಹಾಕಿದ. ಆಟವನ್ನು ನಿಧಾನ ಮಾಡಿದ್ದರಿಂದ ಪ್ರಸಾರ ನಯವಾಯಿತು! ತಪ್ಪಿದ ಫ್ರೇಮುಗಳು 2,900ರಿಂದ 600ಕ್ಕೆ ಇಳಿದವು. ಮುಂದಿನ ಹೆಜ್ಜೆ ದೃಷ್ಟಿಯ ದೂರ. ಮೈನ್‌ಕ್ರಾಫ್ಟ್ ತನ್ನ ನೆಲವನ್ನು 16 ಘನ ಉದ್ದ, 16 ಘನ ಅಗಲದ ತುಂಡುಗಳಾಗಿ ಹಂಚಿಕೊಂಡಿದೆ. ದೃಷ್ಟಿಯ ದೂರ 16 ಎಂದಿಟ್ಟರೆ ಆಟಗಾರನ ಎಲ್ಲ ದಿಕ್ಕಿಗೂ 16 ತುಂಡು, ಅವನು ನಿಂತದ್ದು ಒಂದು. ಅಂದರೆ 33ರ ವರ್ಗ, 1,089 ತುಂಡು. ಅದನ್ನೇ 12ಕ್ಕೆ ಇಳಿಸಿದರೆ 25ರ ವರ್ಗ, ಬರೀ 625. ದೂರ ಕಾಲು ಭಾಗ ಕಡಿಮೆಯಾದರೆ ಕೆಲಸ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ. ವರ್ಗದ ಮಹಿಮೆ ಇದು. ದೂರದ ಗುಡ್ಡಗಳು ಒಂದಿಷ್ಟು ಮಂಜಿನಲ್ಲಿ ಮರೆಯಾದವು. ದೇವಾಲಯಕ್ಕೆ ಏನೂ ಆಗಲಿಲ್ಲ. ತಪ್ಪಿದ ಫ್ರೇಮ್ 40. ವಿಂಡೋಸಿನಲ್ಲಿ ಒ.ಬಿ.ಎಸ್. ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಗ್ರಾಫಿಕ್ಸ್ ಚಿಪ್ಪಿನ ಸರದಿಯಲ್ಲಿ ಅದಕ್ಕೆ ಆದ್ಯತೆ ಸಿಗುತ್ತದೆ. ಆ ನಲವತ್ತೂ ಹಾಗೆ ಹೋದವು.

ಹತ್ತು ನಿಮಿಷದ ಪರೀಕ್ಷೆಯೆಲ್ಲ ಚೊಕ್ಕವಾಯಿತು. ಭಾನುವಾರ ಒಂದು ಗಂಟೆಯ ಪ್ರಸಾರ ಶುರುವಾಗಿ ಇಪ್ಪತ್ತೈದು ನಿಮಿಷಕ್ಕೆ ಮತ್ತೆ ಅದೇ ತಡವರಿಕೆ. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಪ್ರಸಾರ ನಿಲ್ಲಿಸಿಬಿಟ್ಟ. ತಂದೆ ಬಂದು ಹಾಸಿಗೆಯ ಮೇಲಿದ್ದ ಲ್ಯಾಪ್‌ಟಾಪಿನ ಅಡಿಗೆ ಕೈಯಿಟ್ಟರು, ಸುಟ್ಟವರಂತೆ ಹಿಂದೆಗೆದರು.

"ರೇಡಿಯೇಟರ್ ಕಟ್ಕೊಂಡಿರೋ ಬಸ್ಸು ಶಿರಾಡಿ ಘಾಟಿ ಹತ್ತುತ್ತೇನೋ? ಹತ್ತು ನಿಮಿಷ ಊರೊಳಗೆ ಓಡ್ಸಿದ್ರೆ ಗೊತ್ತಾಗಲ್ಲ ಅದು" ಎಂದರು.

ಚಿಪ್ಪಿನ ಉಷ್ಣತೆ ಮಿತಿ ಮೀರುವಂತಾದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಈ ಮಿತಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ವೇಗ ಇಳಿದರೆ 16.7 ಮಿಲಿಸೆಕೆಂಡಿನ ಗಡುವು ಮತ್ತೆ ತಪ್ಪುತ್ತದೆ. ವಾರಂಟಿ ಮುಗಿದಿದ್ದ ಯಂತ್ರದ ತಳವನ್ನು ತಂದೆ ಮೇಜಿನ ಮೇಲೆ ಬಿಚ್ಚಿದರು. ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಿದ್ದರು. ಗಾಳಿ ಹೊರಹೋಗುವ ಕಿಂಡಿಗೆ ಅಡ್ಡವಾಗಿ, ನಾಲ್ಕು ವರ್ಷದ ಧೂಳು ಹತ್ತಿಯ ಬತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ತಾಯಿಯ ಹೊಲಿಗೆಯ ನೂಲಿನ ಎಳೆಗಳೂ ಇದ್ದವು. ಡಿಪೋದ ಕಂಪ್ರೆಸರ್ ಗಾಳಿ ಹೊಡೆಸೋಣವೆಂದ ಮಗನನ್ನು ಅವರು ತಡೆದರು. ಅಷ್ಟು ಒತ್ತಡಕ್ಕೆ ಪುಟ್ಟ ಫ್ಯಾನು ಹುಚ್ಚಾಗಿ ತಿರುಗಿ ಹಾಳಾಗುತ್ತದೆ, ಗಾಳಿಯಲ್ಲಿ ನೀರಿನ ಹನಿಯೂ ಇರುತ್ತದೆ. ಬಣ್ಣದ ಕುಂಚದಿಂದಲೇ ಬಿಡಿಸಿ ತೆಗೆದರು. ಆ ಸಂಜೆ ಅಪ್ಪ ಮಗ ಇಬ್ಬರೂ ಎರಡು ಗಂಟೆ ಒಂದೇ ಮೇಜಿನ ಮುಂದೆ ಕೂತಿದ್ದರು. ಹುಡುಗ ಒಂಬತ್ತನೇ ತರಗತಿ ದಾಟಿದ ಮೇಲೆ ಆ ಮನೆಯಲ್ಲಿ ಹಾಗಾದದ್ದು ಅಪರೂಪ. ಯಂತ್ರ ಹಾಸಿಗೆಯಿಂದ ಮರದ ಮಣೆಗೆ ಬಂತು.

ಅಂತರಜಾಲದ ಸರದಿಯೂ ಬಾರದೇ ಇರಲಿಲ್ಲ. ಮುಂದಿನ ಭಾನುವಾರ ಮೂರನೆಯ ಲೆಕ್ಕ ಏರತೊಡಗಿತು. ಆಟ ನಯವಾಗಿತ್ತು, ಡಿಸ್ಕಿನ ಪ್ರತಿಯೂ ನಯವಾಗಿತ್ತು. ಹೊರಗಿನವರಿಗೆ ಮಾತ್ರ ತಡೆಯುತ್ತಿತ್ತು. ಈಗ ದೂರು ನಿಜವಾಗಿಯೂ ಅಂತರಜಾಲದ್ದೇ. ರೂಟರ್ ಎರಡು ಗೋಡೆಯಾಚೆ ನಡುಮನೆಯಲ್ಲಿತ್ತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತನದಲ್ಲೇ ಅಕ್ಕಪಕ್ಕದ ಮನೆಗಳ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಕೂಗಾಡುತ್ತಿರುತ್ತವೆ. ರಾತ್ರಿ ಎಲ್ಲರೂ ಮನೆ ಸೇರಿದ ಹೊತ್ತಿನಲ್ಲಿ ಗದ್ದಲ ಹೆಚ್ಚು. ಕಳಿಸಬೇಕಾದ ದತ್ತ ಸಾಲುಗಟ್ಟಿ ನಿಲ್ಲುತ್ತದೆ. ಸಾಲು ಅತಿಯಾದರೆ ತಂತ್ರಾಂಶ ಫ್ರೇಮುಗಳನ್ನು ಕೈಬಿಡುತ್ತದೆ. ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದರು, ಮುಗಿಯಿತು. ಪ್ಲಾನಿನ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಪ್ರಸಾರಕ್ಕೆ ಬೇಕಾದದ್ದು ಅಪ್‌ಲೋಡ್. ಅದನ್ನು ಪ್ರಸಾರದ ಹೊತ್ತಿನಲ್ಲೇ ಅಳೆದು, ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸದಿರುವುದು ಕ್ಷೇಮ.

ಹೆಚ್ಚಿನವರು ಫೋನಿನಲ್ಲೇ ನೋಡುವವರಾದ್ದರಿಂದ ಹುಡುಗ ಚಿತ್ರದ ಅಳತೆಯನ್ನು 1280ಕ್ಕೆ 720 ಮಾಡಿದ. ಫ್ರೇಮಿಗೆ 9,21,600 ಬಿಂದು. ಮೊದಲಿನ ಅರ್ಧಕ್ಕಿಂತ ಕಡಿಮೆ. ವ್ಯತ್ಯಾಸವಾಯಿತೆಂದು ಯಾರೂ ಹೇಳಲಿಲ್ಲ. ಮಸ್ಕತ್ತಿನಿಂದ ನೋಡುತ್ತಿದ್ದ ಚಿಕ್ಕಪ್ಪನ ಮಗ ಮಾತ್ರ ಇನ್ನೂ ನಿಂತು ನಿಂತು ಬರುತ್ತಿದೆಯೆಂದು ಬರೆದ. ಮೂರೂ ಲೆಕ್ಕ ಸೊನ್ನೆಯಿದ್ದವು. ಉಳಿದವರಾರಿಗೂ ತೊಂದರೆಯಿರಲಿಲ್ಲ. ಒಬ್ಬರಿಗೇ ತಡೆಯುತ್ತಿದ್ದರೆ ಅದು ನೋಡುವವರ ಕಡೆಯ ಸಂಪರ್ಕದ ದೋಷ. ಅದಕ್ಕೆ ಹಾಸನದಲ್ಲಿ ಮದ್ದಿಲ್ಲ.

ಕೇಬಲ್, ಕುಂಚ, ಹೊಸ ಉಷ್ಣವಾಹಕ ಪೇಸ್ಟು ಎಲ್ಲ ಸೇರಿ ಖರ್ಚು ಒಂಬೈನೂರು ರೂಪಾಯಿ ಆಯಿತು. ಅರವತ್ತು ಸಾವಿರ ಬ್ಯಾಂಕಿನಲ್ಲೇ ಉಳಿಯಿತು. ತಾಯಿ ತಮ್ಮ ಷರತ್ತನ್ನು ಸಡಿಲಿಸಲಿಲ್ಲ: ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಪ್ರಸಾರ ಬಂದ್. ಹುಡುಗ ಒಪ್ಪಿದ. ಎಂಜಿನಿಯರಿಂಗ್ ಸೇರಿದರೆ ಹೊಸ ಲ್ಯಾಪ್‌ಟಾಪ್ ಬೇಕಾದೀತೆಂಬ ಅವನ ವಾದವಿನ್ನೂ ಹಾಗೇ ಇದೆ. ತಂದೆ ಅದಕ್ಕೂ ಬೇಡವೆಂದಿಲ್ಲ. ಯಾವ ಕೆಲಸಕ್ಕೆ ಈಗಿನದು ಸಾಲುವುದಿಲ್ಲವೆಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದ್ದಾರೆ.